ಹಿಡಿಕೆಯವನು

ಬಂದೂಕು ಹಿಡಿದು ಶಾಲೆಗೆ ನುಗ್ಗುವವನ ವೇಷ ಯಾರು ಹಾಕಬೇಕು ಎಂಬ ಮಾತು ಬಂದಾಗ ಯಾರೂ ತಲೆ ಕೆರೆದುಕೊಳ್ಳಲಿಲ್ಲ. ಶಾಲೆಯ ಊಟದ ಕೋಣೆಯಲ್ಲಿ ಕೂತಿದ್ದ ಅಷ್ಟೂ ಜನ ಓಡೆಲ್ ಮೇಬ್ರಿಯ ಕಡೆ ತಿರುಗಿದರು. ಅವನು ಗೋಡೆಗೆ ಒರಗಿ ನಿಂತಿದ್ದ. ಸಭೆ ಮುಗಿದ ಮೇಲೆ ಕುರ್ಚಿ ಮಡಚುವುದು ಅವನ ಕೆಲಸ, ಅದಕ್ಕೇ ಕಾಯುತ್ತಿದ್ದ.

"ಓಡೆಲ್ ಇದಾನಲ್ಲ," ಎಂದ ಪ್ರಿನ್ಸಿಪಾಲ್ ವಿಟ್ಲಾಕ್.

ಆ ಶಾಲೆಯಲ್ಲಿ ದುಡಿಯುವ ಗಂಡಸರಲ್ಲಿ ಕಪ್ಪು ಮೈಯವನು ಅವನೊಬ್ಬನೇ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದೆಲ್ಲ ಬೇರೆ. ಓಡೆಲ್‌ಗೆ ಶಾಲೆಯ ಮೂಲೆಮೂಲೆಯೂ ಗೊತ್ತು ಎಂದರು. ಒಳ್ಳೆ ಎತ್ತರದ ಆಳು ಎಂದರು. ನಾಲ್ಕು ಏಟು ಬಿದ್ದರೆ ತಡೆದುಕೊಳ್ಳುತ್ತಾನೆ ಎಂದರು. ಹೊಗಳಿಕೆ ಎಂದುಕೊಂಡು ಅವನು ಹಲ್ಲು ಬಿಡಬೇಕಿತ್ತು. ಬಿಟ್ಟ ಕೂಡ.

ರಾಜಧಾನಿಯಲ್ಲಿ ಆಗ ಒಂದು ಮಸೂದೆ ಓಡಾಡುತ್ತಿತ್ತು. ಶಾಲೆಯ ಸಿಬ್ಬಂದಿ ತರಬೇತಿ ಪಡೆದು ಬಂದೂಕು ಇಟ್ಟುಕೊಂಡೇ ಪಾಠ ಮಾಡಬಹುದು, ಯಾರ ಸೊಂಟದಲ್ಲಿ ಬಂದೂಕಿದೆ ಎಂದು ಹೆತ್ತವರಿಗೂ ಹೇಳಬೇಕಾಗಿಲ್ಲ ಎಂದು ಅದರಲ್ಲಿ ಬರೆದಿತ್ತು. ಮಸೂದೆ ತಂದ ಸೆನೆಟರ್ ಹ್ಯಾಲ್ಪಿನ್ ಇದೇ ಸೀಮೆಯವನು. ಮತಕ್ಕೆ ಹಾಕುವ ಮುಂಚೆ ಒಂದು ಶಾಲೆಯಲ್ಲಿ ಮಾಡಿ ತೋರಿಸಬೇಕು, ಟಿವಿಯವರು ಬಂದು ನೋಡಬೇಕು ಎಂದು ಹಟ ಹಿಡಿದಿದ್ದ. ಟೀಚರುಗಳಿಗೆ ಗುರಿ ಕಲಿಸಲು ಶೆರಿಫ್ ಕಚೇರಿಯಿಂದ ಡೂಲಿ ಎಂಬ ಪೊಲೀಸನನ್ನು ಕಳಿಸಿದ್ದರು.

ಓಡೆಲ್ ಸುಮ್ಮನಿರಬಹುದಿತ್ತು. ಆದರೂ ಕೇಳಿದ. ಸಿಬ್ಬಂದಿ ಅಂದರೆ ನಾನೂ ಸೇರಿದೆನಲ್ಲ ಸರ್, ಆ ತರಬೇತಿ ನನಗೂ ಉಂಟಾ ಎಂದ. ಬಂದೂಕು ಬೇಕಿತ್ತು ಎಂದಲ್ಲ, ಆ ಪದದೊಳಗೆ ತಾನು ಇದ್ದೇನೋ ಇಲ್ಲವೋ ತಿಳಿಯಬೇಕಿತ್ತು. ಒಂದಿಬ್ಬರು ನಕ್ಕರು. ಡೂಲಿ ನಗಲಿಲ್ಲ. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡ ಓಡೆಲ್. ನಾಳೆ ಏನಾದ್ರೂ ಗಲಾಟೆ ಆಗಿ ನಾವು ಓಡ್ಬಂದಾಗ ನಿನ್ ಕೈಲಿ ಬಂದೂಕು ಕಾಣ್ತು ಅಂತಿಟ್ಕೋ. ನೀನು ಕಾಯೋನೋ ಕೊಲ್ಲೋನೋ ಅಂತ ವಿಚಾರಿಸ್ಕೊಂಡು ನಿಲ್ಲಕ್ಕಾಗುತ್ತಾ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಓಡೆಲ್ ಕುರ್ಚಿ ಮಡಚತೊಡಗಿದ.

ಈ ಕೆಲಸ ಅವನಿಗೆ ಪೂರ್ತಿ ಹೊಸದೂ ಅಲ್ಲ. ಬಹಳ ವರ್ಷದಿಂದ ಆ ಶಾಲೆಯಲ್ಲಿ ಅಡಗುವ ಅಭ್ಯಾಸ ನಡೆಯುತ್ತಿತ್ತು. ಗೋಡೆಯ ಮೈಕು ಕೂಗಿದ ಕೂಡಲೇ ಟೀಚರು ಬಾಗಿಲಿಗೆ ಬೀಗ ಹಾಕಿ ದೀಪ ಆರಿಸಬೇಕು. ಮಕ್ಕಳು ಬಾಗಿಲಿಗೆ ಕಾಣದ ಮೂಲೆಗೆ ಹೋಗಿ ಕುಕ್ಕರಿಸಬೇಕು. ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಯಾರಾದರೂ ಹೊರಗಿನಿಂದ ಎಳೆದು ನೋಡಬೇಕಲ್ಲ, ಅದು ಓಡೆಲ್‌ನ ಪಾಲಿಗೆ ಬಂದಿತ್ತು. ಕೀಲಿಗೊಂಚಲು ಇರುವುದು ಅವನ ಹತ್ತಿರ. ವಾಂತಿ ಒರೆಸುವವನು ಅವನು, ಕಕ್ಕಸು ತೊಳೆಯುವವನು ಅವನು, ಬೆಂಚಿನಡಿಯ ಚೂಯಿಂಗ್ ಗಮ್ಮು ಕೆರೆಯುವವನು ಅವನು, ಇದೂ ಒಂದು ಇರಲಿ ಎಂದಿದ್ದರು. ಅವನು ಕಾರಿಡಾರಿನಲ್ಲಿ ಒಂದೊಂದೇ ಬಾಗಿಲಿಗೆ ಹೋಗಿ ಹಿಡಿಕೆ ಅಲ್ಲಾಡಿಸುತ್ತಿದ್ದ. ಹಳೆಯ ಬೀಗಗಳು, ಒಂದೇ ಎಳೆತಕ್ಕೆ ನಿಜ ಹೇಳುವುದಿಲ್ಲ. ಎರಡು ಸಲ ಗಡಗಡ, ಸ್ವಲ್ಪ ತಾಳಿ ಮತ್ತೊಂದು ಸಲ. ಎಲ್ಲ ಮುಗಿದ ಮೇಲೆ ಕೀಲಿ ಹಾಕಿ ತೆಗೆಯುವವನೂ ಅವನೇ. ಒಳಗಿನಿಂದ ಯಾರೂ ತೆಗೆಯಬಾರದು ಎಂಬುದು ನಿಯಮ.

ಖಾಲಿ ಕೋಣೆ ಅಷ್ಟು ಸದ್ದಿಲ್ಲದೆ ಇರುವುದಿಲ್ಲ. ಕೋಣೆ ತುಂಬ ಮಕ್ಕಳು ಉಸಿರು ಬಿಗಿಹಿಡಿದರೆ ಮಾತ್ರ ಅಂಥ ಮೌನ ಬರುತ್ತದೆ. ತಾನು ಹಿಡಿಕೆಗೆ ಕೈ ಹಾಕಿದ ಕೂಡಲೇ ಬಾಗಿಲಾಚೆ ಆ ಮೌನ ಇನ್ನೂ ಗಟ್ಟಿಯಾಗುವುದು ಓಡೆಲ್‌ಗೆ ಗೊತ್ತಾಗುತ್ತಿತ್ತು. ಅದು ಅವನ ಹಿಂದೆಯೇ ಮನೆಗೂ ಬರತೊಡಗಿತು. ಭಾನುವಾರ ಚರ್ಚಿನಲ್ಲಿ ಪಾದ್ರಿ ಮೌನವಾಗಿ ಪ್ರಾರ್ಥಿಸಿ ಎಂದರೆ ಅವನ ಅಂಗೈ ಬೆವರುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ.

ತಾಲೀಮು ಶನಿವಾರ, ಮಕ್ಕಳಿಲ್ಲದ ದಿನ. ಡೂಲಿ ಅವನಿಗೆ ಕಪ್ಪು ಜಾಕೆಟ್ಟು ಕೊಟ್ಟ, ಕಣ್ಣಿಗೆ ದಪ್ಪ ಕನ್ನಡಕ ಕೊಟ್ಟ, ಕೈಗೊಂದು ಪ್ಲಾಸ್ಟಿಕ್ ಬಂದೂಕು ಕೊಟ್ಟ. ಟೀಚರುಗಳ ಕೈಯಲ್ಲಿ ಗುಳಿಗೆ ಹಾರಿಸುವ ಪಿಸ್ತೂಲು. ಗುಳಿಗೆಯೊಳಗೆ ಕೆಂಪು ಬಣ್ಣ, ಬಿದ್ದಲ್ಲಿ ಒಡೆಯುತ್ತದೆ. ಓಡೆಲ್ ಕಾರಿಡಾರಿನಲ್ಲಿ ನಡೆದು ಬರಬೇಕು. ಅವರು ಹೊಡೆಯಬೇಕು. ಅವನು ಬೀಳಬೇಕು. ಎದ್ದು ಹಿಂದಕ್ಕೆ ಹೋಗಿ ಮತ್ತೆ ನಡೆದು ಬರಬೇಕು, ಮುಂದಿನವರ ಸರದಿಗೆ.

ಎರಡನೇ ತರಗತಿಯ ಮಿಸ್ ಕೆರಿಗನ್ ಒಳ್ಳೆಯ ಹೆಣ್ಣುಮಗಳು. ಚಳಿಗಾಲದಲ್ಲಿ ಅವನಿಗೆ ಕೈಯಾರೆ ಹೆಣೆದ ಮಫ್ಲರ್ ಕೊಟ್ಟವಳು. "ಸಾರಿ ಓಡೆಲ್," ಎಂದು ಹೊಡೆದಳು. ಗುರಿ ತಪ್ಪಿತು. ಸಾರಿ ಎಂದು ಮತ್ತೆ ಹೊಡೆದಳು, ತೊಡೆಗೆ ಬಿತ್ತು. ಡೂಲಿ ಅವಳ ಹಿಂದೆ ನಿಂತು ಹೇಳಿಕೊಟ್ಟ. ಮುಖ ನೋಡಬೇಡಿ, ಮುಖ ನೋಡಿದರೆ ಕೈ ಸೋಲುತ್ತದೆ, ಎದೆ ನೋಡಿ. ಅವಳು ಎದೆ ನೋಡಿದಳು. ಆಮೇಲೆ ಸಾರಿ ಹೇಳುವುದನ್ನೂ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕೈಯೂ ಕುದುರಿತ್ತು.

ಕಿವಿಯ ಕೆಳಗೊಂದು, ಬೆನ್ನಿಗೆ ಹಲವು, ಪಕ್ಕೆಗೆ ಹಲವು. ಬಿದ್ದು ಬಿದ್ದು ಮೊಣಕಾಲು ಊದಿಕೊಂಡಿತು. ಅವರೆಲ್ಲ ಪಿಜ್ಜಾ ತಿನ್ನಲು ಹೋದರು, ನಿನಗೂ ಒಂದು ತುಂಡು ಎತ್ತಿಟ್ಟಿರುತ್ತೇವೆ ಎಂದರು. ಓಡೆಲ್ ಬಕೆಟ್ಟು ತಂದು ನೆಲದ ಮೇಲಿನ ಕೆಂಪನ್ನೆಲ್ಲ ಒರೆಸಿದ. ಬಣ್ಣ ಎಂದು ಗೊತ್ತಿದ್ದರೂ ಬಕೆಟ್ಟಿನ ನೀರು ನೋಡಲು ಅವನಿಂದಾಗಲಿಲ್ಲ.

ಹೆಂಡತಿ ಲೂವೀನಿಯಾ ಅವನನ್ನು ಬೋರಲು ಮಲಗಿಸಿ ಮುಲಾಮು ತಿಕ್ಕಿದಳು. ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆ ಹೋಗುವ ಹೆಂಗಸು, ಆದರೂ ಬೆರಳಲ್ಲಿ ಬಲವಿತ್ತು, ನಾಲಗೆಯಲ್ಲಿ ಅದಕ್ಕಿಂತ ಹೆಚ್ಚು.

"ಮುದುಕನ್ನ ನಿಲ್ಸಿ ಹೊಡೀತಾರಲ್ಲ, ಅವರ ಕೈ ಸೇದೋಗ. ನೀನೂ ಎಂಥ ಗೂಬೆ. ಎದ್ದೆದ್ದು ನಿಂತ್ಕೊಂಡ್ಯಲ್ಲ. ಬಿದ್ದೋನು ಬಿದ್ಕೊಂಡಿರಬೇಕಿತ್ತು."

"ಎದ್ದೇಳಕ್ಕೇ ಅಲ್ವಾ ಸಂಬಳ ಕೊಡೋದು," ಎಂದ ಓಡೆಲ್. ಇಬ್ಬರೂ ನಕ್ಕರು. ನಕ್ಕಾಗ ಪಕ್ಕೆ ನೋಯಿತು.

ಸೋಮವಾರ ಮಿಸ್ ಕೆರಿಗನ್ ಕೈತುಂಬ ಹಾಳೆ ಹಿಡಿದು ಕಾರಿಡಾರಿನ ತಿರುವಿನಲ್ಲಿ ಅವನಿಗೆ ಎದುರಾದಳು. ಅವಳ ಬಲಗೈ ಸರಕ್ಕನೆ ಸೊಂಟಕ್ಕೆ ಹೋಯಿತು. ಸೊಂಟದಲ್ಲಿ ಏನೂ ಇರಲಿಲ್ಲ. ಹಾಳೆಗಳು ಚೆಲ್ಲಿದವು. ಅವಳು ನಕ್ಕಳು, ಅವನೂ ನಕ್ಕು ಹಾಳೆ ಆಯ್ದುಕೊಟ್ಟ. ಮರುದಿನ ಸಂಗೀತದ ಟೀಚರೂ ಹಾಗೇ ಮಾಡಿದಳು. ಅಂದಿನಿಂದ ಓಡೆಲ್ ತಿರುವು ಬರುವ ಮೊದಲೇ ಕೀಲಿಗೊಂಚಲು ಅಲ್ಲಾಡಿಸತೊಡಗಿದ, ಗಂಟಲಲ್ಲೇ ಏನಾದರೊಂದು ರಾಗ ಗುನುಗತೊಡಗಿದ. ನಾನು ಬರುತ್ತಿದ್ದೇನೆ, ಹೆದರಬೇಡಿ ಎಂದು. ಹಿಂದೆಲ್ಲ ಎದುರಿಗೆ ಬಿಳಿ ಹೆಂಗಸು ಬಂದರೆ ಕಪ್ಪು ಗಂಡಸು ದಾರಿ ಬಿಟ್ಟು ಚರಂಡಿಗೆ ಇಳಿಯಬೇಕಿತ್ತಂತೆ, ಅವನ ಅಜ್ಜಿ ಹೇಳುತ್ತಿದ್ದಳು. ಆ ಕಾಲ ಸತ್ತಿತು ಎಂದುಕೊಂಡಿದ್ದ. ಈಗ ತನ್ನ ಬರುವಿಕೆಯನ್ನು ತಾನೇ ಸಾರಿಕೊಂಡು ನಡೆಯುವಾಗ ಮೈ ಉರಿಯಿತು.

ಒಂದು ದಿನ ಹುಡುಗರ ಕಕ್ಕಸಿನಲ್ಲಿ ಕನ್ನಡಿ ಒರೆಸುತ್ತ ತಲೆಯೆತ್ತಿದವನಿಗೆ ಎದುರಿಗೊಬ್ಬ ಎತ್ತರದ ಕಪ್ಪು ಮನುಷ್ಯ ಕಂಡ. ಒಂದು ಹೆಜ್ಜೆ ಹಿಂದೆ ಸರಿದ. ತಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಲ್ಲೇ ಸಿಂಕು ಹಿಡಿದು ನಿಂತುಬಿಟ್ಟ.

ಅವನ ಮೊಮ್ಮಗಳು ಅಮಾರಿ ಅದೇ ಶಾಲೆಯಲ್ಲಿ ಎರಡನೇ ತರಗತಿ, ಮಿಸ್ ಕೆರಿಗನ್‌ಳ ಕೋಣೆ. ಅಮಾರಿಯ ತಾಯಿ ಪಕ್ಕದ ಊರಿನ ಕೋಳಿ ಕಾರ್ಖಾನೆಯಲ್ಲಿ ಪಾಳಿ ಮೇಲೆ ಪಾಳಿ ದುಡಿಯುತ್ತಿದ್ದಳು. ಮಗು ಬೆಳೆದದ್ದೆಲ್ಲ ಅಜ್ಜಿ ತಾತನ ಮನೆಯಲ್ಲಿ. ಬಾಯಿ ತೆರೆದರೆ ನಿಲ್ಲಿಸದ ಮಗು, ಊಟದ ಮುಂದೆ ಕೂತು ಬೀನ್ಸಿನ ಜೊತೆಗೂ ಮಾತಾಡುತ್ತಿತ್ತು.

ಒಂದು ಸಂಜೆ ಬಚ್ಚಲ ಬಾಗಿಲು ಮುಚ್ಚಿತ್ತು. ಓಡೆಲ್ ಹಿಡಿಕೆಗೆ ಕೈ ಹಾಕಿದ. ಬೀಗ ಬಿದ್ದಿತ್ತು. ಕೈ ತನ್ನ ರೂಢಿಯಂತೆ ತಾನೇ ಆಡಿತು. ಎರಡು ಸಲ ಗಡಗಡ, ಸ್ವಲ್ಪ ತಾಳಿ ಮತ್ತೊಂದು ಸಲ. ಒಳಗೆ ನೀರಾಟವಾಡುತ್ತ ಹಾಡುತ್ತಿದ್ದ ಮಗು ಥಟ್ಟನೆ ಸುಮ್ಮನಾಯಿತು. ಅಮಾರಿ ಎಂದು ಕರೆದ. ಉತ್ತರವಿಲ್ಲ. ನಾನು, ಕಂದಾ, ತಾತ ಎಂದ. ಉತ್ತರವಿಲ್ಲ. ಆ ಮೌನವನ್ನು ಅವನು ಗುರುತು ಹಿಡಿದ.

ಸ್ಕ್ರೂಡ್ರೈವರ್ ತಂದು ಬಾಗಿಲು ತೆಗೆದ. ಮಗು ಟಬ್ಬಿನ ಮೂಲೆಯಲ್ಲಿ ಪರದೆ ಎಳೆದುಕೊಂಡು ಕುಕ್ಕರಿಸಿತ್ತು. ಒದ್ದೆ ಮೈ, ಬಾಯಿಗೆ ಎರಡೂ ಕೈ ಒತ್ತಿ ಹಿಡಿದಿತ್ತು. ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. ಟವೆಲ್ಲು ಸುತ್ತಿ ಎತ್ತಿಕೊಂಡ. ಕರೆದಾಗ ಯಾಕೆ ಓಗೊಡಲಿಲ್ಲ ಎಂದು ಕೇಳಿದ.

"ಹೆಸರು ಹಿಡಿದು ಕರೆದ್ರೂ ಮಾತಾಡ್ಬಾರ್ದು," ಎಂದಳು ಅಮಾರಿ. "ಅವನಿಗೆ ನಮ್ ಹೆಸರು ಗೊತ್ತಿರುತ್ತೆ. ಗೊತ್ತಿರೋರ ಥರಾನೇ ಕರೀತಾನೆ."

"ಯಾರು?"

"ಹಿಡಿಕೆಯವನು. ನಮ್ ಕ್ಲಾಸಿಗೆ ಯಾವಾಗ್ಲೂ ಬರ್ತಾನಲ್ಲ. ಹೀಗೇ ಅಲ್ಲಾಡ್ಸೋದು." ಗಾಳಿಯಲ್ಲಿ ಪುಟ್ಟ ಮುಷ್ಟಿ ಅಲ್ಲಾಡಿಸಿ ತೋರಿಸಿದಳು. ಎರಡು ಸಲ, ತಾಳಿ, ಮತ್ತೊಂದು ಸಲ. "ನೀನೂ ಹೀಗೇ ಮಾಡ್ದೆ. ನಿನಗೆ ಯಾರು ಹೇಳ್ಕೊಟ್ರು ತಾತ?"

ಓಡೆಲ್ ಮಗುವಿನ ತಲೆ ಒರೆಸಿದ, ಒಣಗಿದ ಮೇಲೂ ಒರೆಸುತ್ತಲೇ ಇದ್ದ. ಕೊಡಲಿ ಕಾವು ಕುಲಕ್ಕೆ ಮೂಲ ಅನ್ನುತ್ತಾರಲ್ಲ, ಅದು ತಾನೇ ಆಗಿದ್ದ. ಇಷ್ಟು ವರ್ಷ ಬಾಗಿಲ ಭದ್ರತೆ ನೋಡುತ್ತಿದ್ದೇನೆ ಎಂದುಕೊಂಡಿದ್ದ. ಬಾಗಿಲಾಚೆಯ ಮಕ್ಕಳು ಅವನನ್ನು ದೆವ್ವ ಮಾಡಿ ಹೆಸರಿಟ್ಟಿದ್ದರು. ಇನ್ನು ಟಿವಿಯವರ ಮುಂದೆ ಆ ದೆವ್ವಕ್ಕೆ ಜಾಕೆಟ್ಟು ಹಾಕಿ, ಮಕ್ಕಳು ಒಳಗಿರುವಾಗಲೇ ಹೊಡೆದು ಕೆಡವುತ್ತಾರೆ.

ಮರುದಿನ ವಿಟ್ಲಾಕ್‌ನ ಕೋಣೆಗೆ ಹೋಗಿ, ಇದೊಂದು ಕೆಲಸದಿಂದ ಬಿಡಿಸಿ ಸರ್, ಹಿಡಿಕೆಯ ಕೆಲಸವೂ ಬೇಡ ಎಂದು ಬೇಡಿಕೊಂಡ. ಮೊಮ್ಮಗಳು ಹೆದರಿದ್ದನ್ನೂ ಹೇಳಿದ. ವಿಟ್ಲಾಕ್ ಸಿಟ್ಟಾಗಲಿಲ್ಲ. ಬಾಗಿಲು ಮುಚ್ಚಿರುತ್ತದೆ, ಮಕ್ಕಳಿಗೇನು ಕಾಣುತ್ತದೆ ಎಂದ. ಹೆತ್ತವರೆಲ್ಲ ಒಪ್ಪಿ ಸಹಿ ಹಾಕಿದ್ದಾರೆ ಎಂದ. ಹೇಳಿದ ಇತರೆ ಕೆಲಸಗಳನ್ನೂ ಮಾಡತಕ್ಕದ್ದು ಎಂದು ನೀನೂ ಒಪ್ಪಿ ಸೇರಿದ್ದಲ್ಲವೇ ಎಂದ. ಓಡೆಲ್ ಬಾಗಿಲ ತನಕ ಹೋದಾಗ ಹಿಂದಿನಿಂದ ಕೇಳಿದ.

"ಲೂವೀನಿಯಾ ಹೇಗಿದಾಳೆ? ಡಯಾಲಿಸಿಸ್ ನಡೀತಿದೆಯಲ್ಲ, ಶಾಲೆ ಇನ್ಶೂರೆನ್ಸಲ್ಲಿ?"

ಎಷ್ಟು ಮೆತ್ತಗೆ ಕೇಳಿದ ಎಂದರೆ, ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಅಯ್ಯೋ ಎಷ್ಟು ಒಳ್ಳೆಯವರು ಎನ್ನುತ್ತಿದ್ದರು. ನಡೀತಿದೆ ಸರ್ ಎಂದು ಓಡೆಲ್ ಹೊರಗೆ ಬಂದ.

ಮನೆಯಲ್ಲಿ ಲೂವೀನಿಯಾ ಎಲ್ಲ ಕೇಳಿಸಿಕೊಂಡಳು. ತಟ್ಟೆಯಲ್ಲಿದ್ದ ಮೆಕ್ಕೆಜೋಳದ ಬ್ರೆಡ್ಡನ್ನು ಪೂರ್ತಿ ಪುಡಿ ಮಾಡಿದಳು.

"ನನ್ ಕಿಡ್ನಿ ಹೆಸರು ಹೇಳ್ಕೊಂಡು ಆ ಮಗೂನ ಹೆದರಿಸ್ಬೇಡ ಓಡೆಲ್," ಎಂದಳು ಕೊನೆಗೆ. "ಅವರು ಹೆದರಿಸ್ಲಿ, ಅದು ಅವರ ಕಸುಬು. ನೀನು ಬೇಡ."

ಟಿವಿಯವರು ಬರುವ ದಿನ ಓಡೆಲ್ ರಜೆ ಹಾಕಬಹುದಿತ್ತು. ಹಾಕಿದರೆ ಬೇರೊಬ್ಬ ಬಂದು ಅಲ್ಲಾಡಿಸುತ್ತಾನೆ. ಅಮಾರಿಯ ಪಾಲಿಗೆ ಹಿಡಿಕೆಯವನು ಬಂದ ಹಾಗೇ ಆಯಿತು. ಆ ಬಾಗಿಲ ಮುಂದೆ ತಾನು ಇರಬೇಕು, ಇದ್ದೂ ಅಲ್ಲಾಡಿಸಬಾರದು. ಓಡೆಲ್ ನಿರ್ಧಾರ ಮಾಡಿದ್ದು ಅಷ್ಟೇ. ಮುಂದಿನದನ್ನು ಯೋಚಿಸಿರಲಿಲ್ಲ.

ಸೆನೆಟರ್ ಹ್ಯಾಲ್ಪಿನ್ ಬಂದ. ಟಿವಿಯವರು ಕಾರಿಡಾರಿನಲ್ಲಿ ಆಫೀಸಿನ ಕಡೆಯ ತುದಿಗೆ ಕ್ಯಾಮೆರಾ ನಿಲ್ಲಿಸಿದರು. ಮಿಸ್ ಕೆರಿಗನ್ ಮತ್ತು ಇನ್ನಿಬ್ಬರು ಟೀಚರುಗಳು ಕ್ಯಾಮೆರಾದ ಪಕ್ಕದಲ್ಲೇ ಪಿಸ್ತೂಲು ಹಿಡಿದು ನಿಂತರು. ಅವರ ತರಗತಿಯ ಮಕ್ಕಳನ್ನು ಸಹಾಯಕಿಯರ ಜೊತೆ ಒಳಗೆ ಕೂರಿಸಿದ್ದರು. ಮೈಕು ಕೂಗಿತು. ಬೀಗಗಳು ಬಿದ್ದವು. ದೀಪಗಳು ಆರಿದವು.

ಓಡೆಲ್ ಹಿಂಬಾಗಿಲಿನಿಂದ ಒಳಗೆ ಬಂದ. ಬೆಳಿಗ್ಗೆ ತಾನೇ ಬಿಟ್ಟಿದ್ದ ಬಕೆಟ್ಟು ಅಲ್ಲೇ ಬಾಗಿಲ ಮರೆಯಲ್ಲಿ, ಕ್ಯಾಮೆರಾಕ್ಕೆ ಕಾಣದ ಕಡೆ ಇತ್ತು. ಪ್ಲಾಸ್ಟಿಕ್ ಬಂದೂಕನ್ನು ಅದರ ಗಲೀಜು ನೀರಿನಲ್ಲಿ ಮುಳುಗಿಸಿದ. ಕಪ್ಪು ಜಾಕೆಟ್ಟು ಕಳಚಿ ಬಕೆಟ್ಟಿನ ಮೇಲೆ ಹಾಕಿದ. ದಿನನಿತ್ಯದ ನೀಲಿ ಅಂಗಿಯಲ್ಲಿ, ಎದೆಯ ಮೇಲೆ ಹೆಸರು ಹೊಲಿದ ಅಂಗಿಯಲ್ಲಿ, ಬರಿಗೈಯಲ್ಲಿ ನಡೆದ. ಯಾವ ಹಿಡಿಕೆಯನ್ನೂ ಮುಟ್ಟಲಿಲ್ಲ. ಅಮಾರಿಯ ತರಗತಿಯ ಮುಂದೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡ.

"ಅಮಾರಿ, ನಾನು ತಾತ," ಎಂದ. "ಮಕ್ಕಳೇ, ನಾನು ಓಡೆಲ್. ನಿಮ್ ಶಾಲೆ ಗುಡಿಸೋ ಓಡೆಲ್. ಇಷ್ಟು ದಿನ ಅಲ್ಲಾಡಿಸ್ತಿದ್ದೋನು ನಾನೇ. ಬೀಗ ನೋಡಕ್ಕೆ ಬರ್ತಿದ್ದೆ ಅಷ್ಟೇ. ಇವತ್ತು ಹಿಡಿಕೆ ಅಲ್ಲಾಡಲ್ಲ. ಹೆದರ್ಬೇಡಿ."

ಒಳಗೆ ಮೌನ. ಕಲಿಸಿದ್ದನ್ನು ಮಕ್ಕಳು ಚೆನ್ನಾಗಿ ಕಲಿತಿದ್ದರು.

"ಬಂದೂಕು ಕೆಳಗೆ ಹಾಕು," ಎಂದು ಮಿಸ್ ಕೆರಿಗನ್ ಕೂಗಿದಳು. ಓಡೆಲ್ ಅವಳತ್ತ ನೋಡಿದ. ಅವಳು ಅವನ ಎದೆ ನೋಡುತ್ತಿದ್ದಳು. ಕೆಳಗೆ ಹಾಕು ಎಂದು ಮತ್ತೆ ಕೂಗಿ ಹೊಡೆದಳು. ಎದೆಗೆ ಬಿತ್ತು. ಉಳಿದಿಬ್ಬರೂ ಹೊಡೆದರು. ತುಟಿಗೊಂದು ಬಿದ್ದು ಒಡೆಯಿತು. ತೆರೆದ ಅಂಗೈಗೊಂದು ಬಿತ್ತು. ಅವನು ಬೀಳಲಿಲ್ಲ, ಕೂತೇ ಇದ್ದ.

ಚಪ್ಪಾಳೆ ಕೇಳಿಸಿತು. ಸೆನೆಟರು ಕ್ಯಾಮೆರಾದ ಮುಂದೆ ನಿಂತು ಹೇಳುತ್ತಿದ್ದ, ನೋಡಿದಿರಲ್ಲ, ಬಣ್ಣದ ಮಾತಾಡಿ ಬಾಗಿಲು ತೆಗೆಸಲು ನೋಡಿದ, ನಮ್ಮ ಟೀಚರಮ್ಮ ಮೋಸ ಹೋಗಲಿಲ್ಲ. ವಿಟ್ಲಾಕ್‌ನ ಮುಖದಲ್ಲಿ ನಗು ಬಂತು. ಓಡೆಲ್ ಮಾಡಿದ್ದೂ ಆಟದ ಭಾಗ ಎಂದೇ ಎಲ್ಲರೂ ತಿಳಿದರು.

"ಮಿಸ್ ಕೆರಿಗನ್," ಎಂದ, ತುಟಿ ಒರೆಸಿಕೊಳ್ಳದೆ. "ನನ್ ಕೈಲಿ ಏನಿತ್ತು?"

"ಬಂದೂಕು," ಎಂದಳು ಅವಳು.

"ನೋಡಿದ್ರಾ?"

"ನೋಡ್ದೆ ಓಡೆಲ್. ನೋಡಿದ್ಮೇಲೇ ಹೊಡೆದಿದ್ದು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಡೂಲಿ ಹತ್ತಿರ ಬಂದು ಓಡೆಲ್‌ನ ಸುತ್ತಮುತ್ತ ಬಂದೂಕಿಗಾಗಿ ಹುಡುಕಿದ. ತೊಡೆಯ ಕೆಳಗೆ ನೋಡಿದ, ಬೆನ್ನ ಹಿಂದೆ ನೋಡಿದ. ಬಕೆಟ್ ನೋಡಿ ಎಂದ ಓಡೆಲ್. ಡೂಲಿ ಕಾರಿಡಾರಿನ ಆ ಕೊನೆಗೆ ಹೋಗಿ ನೀರಿಗೆ ಕೈ ಹಾಕಿ ಅದನ್ನು ಎತ್ತಿದ. ಕೊಳೆನೀರು ತೊಟ್ಟಿಕ್ಕುತ್ತಿತ್ತು. ಯಾರೋ ಕ್ಯಾಮೆರಾ ಕೆಳಗಿಳಿಸಿದರು. ಮಿಸ್ ಕೆರಿಗನ್ ಆ ಪ್ಲಾಸ್ಟಿಕ್ಕನ್ನೂ ಓಡೆಲ್‌ನ ಅಂಗೈಯನ್ನೂ ನೋಡಿದಳು. ಆಮೇಲೆ ತನ್ನ ಕೈಯಲ್ಲಿದ್ದದ್ದನ್ನು ಯಾರಿಗಾದರೂ ಕೊಟ್ಟುಬಿಡುವವಳ ಹಾಗೆ ಅತ್ತಿತ್ತ ತಿರುಗಿದಳು. ಯಾರೂ ತೆಗೆದುಕೊಳ್ಳಲಿಲ್ಲ.

"ಸಾಕು ಮಾಡು. ಎದ್ದು ಬಾಗಿಲು ತೆಗಿ," ಎಂದ ವಿಟ್ಲಾಕ್, ಹಲ್ಲು ಕಚ್ಚಿಕೊಂಡು.

ಓಡೆಲ್ ಸೊಂಟದಿಂದ ಕೀಲಿಗೊಂಚಲು ಬಿಚ್ಚಿದ. ನೆಲದ ಮೇಲೆ ವಿಟ್ಲಾಕ್‌ನ ಕಾಲ ಹತ್ತಿರಕ್ಕೆ ಜಾರಿಸಿದ.

"ನನ್ ಕೈ ಇನ್ನು ಈ ಬಾಗಿಲಿಗೆ ಬರಲ್ಲ. ನೀನೇ ತೆಗಿ." ಸರ್ ಎನ್ನಲಿಲ್ಲ.

ಪಕ್ಕಕ್ಕೆ ಸರಿದು ಕೂತ. ವಿಟ್ಲಾಕ್ ಬಗ್ಗಿ ಕೀಲಿ ಎತ್ತಿಕೊಂಡ. ಯಾವ ಬಾಗಿಲಿಗೆ ಯಾವುದು ಎಂದು ಅವನಿಗೆ ಗೊತ್ತಿರಲಿಲ್ಲ. ಒಂದು ಹಾಕಿ ನೋಡಿದ, ಇನ್ನೊಂದು ಹಾಕಿ ನೋಡಿದ. ಹಿಂದೆ ಸೆನೆಟರು ನೋಡುತ್ತಿದ್ದಾನೆ, ಟಿವಿಯವರು ನೋಡುತ್ತಿದ್ದಾರೆ. ಅವನ ಕತ್ತು ಕೆಂಪಾಯಿತು. ಸಿಟ್ಟಿಗೆದ್ದು ಹಿಡಿಕೆ ಹಿಡಿದು ಜಗ್ಗಿದ. ಹಿಡಿಕೆ ಗಡಗಡನೆ ಅಲ್ಲಾಡಿತು. ಬಿಡದೆ ಜಗ್ಗಿದ.

ಒಳಗೆ ಮೊದಲು ಒಂದು ಮಗು ಅತ್ತಿತು. ಆಮೇಲೆ ಕೋಣೆಗೆ ಕೋಣೆಯೇ ಕಿರುಚಿತು. ಇಷ್ಟು ವರ್ಷ ಉಸಿರು ಹಿಡಿದಿದ್ದ ಬಾಗಿಲು ಅದು. ಆ ಗದ್ದಲದ ನಡುವೆ ಓಡೆಲ್‌ಗೆ ಒಂದೇ ದನಿ ಕೇಳಿಸಿತು.

"ಅಲ್ಲಾಡಲ್ಲ ಅಂದಿದ್ಯಲ್ಲ ತಾತಾ!"

ಓಡೆಲ್ ಎದ್ದ. ಊದಿದ ಮೊಣಕಾಲಿನ ಮೇಲೆ ಭಾರ ಬಿಟ್ಟು ಎದ್ದ. ಕೆಂಪು ಮೆತ್ತಿದ ಕೈಯಿಂದ ವಿಟ್ಲಾಕ್‌ನ ಮಣಿಕಟ್ಟು ಹಿಡಿದ. ವಿಟ್ಲಾಕ್ ಕೂಗಿಕೊಂಡ. ಕಾರಿಡಾರಿನ ಕೊನೆಯಿಂದ ಡೂಲಿ ಓಡಿ ಬರುತ್ತಿದ್ದದ್ದು ಓಡೆಲ್‌ಗೆ ಕಾಣಿಸಿತು. ಡೂಲಿಯ ಕೈ ಸೊಂಟಕ್ಕೆ ಹೋಗಿತ್ತು. ಅವನ ಸೊಂಟದಲ್ಲಿದ್ದದ್ದು ಗುಳಿಗೆಯ ಪಿಸ್ತೂಲಲ್ಲ. ಕೈ ಬಿಡು, ಹಿಂದಕ್ಕೆ ಸರಿ ಎಂದು ಕೂಗುತ್ತಿದ್ದ.

ಓಡೆಲ್ ಬಿಡಲಿಲ್ಲ. ಡೂಲಿಯತ್ತ ನೋಡಲೂ ಇಲ್ಲ. ವಿಟ್ಲಾಕ್‌ನ ಕಣ್ಣಲ್ಲಿ ಕಣ್ಣಿಟ್ಟು, ಒಳಗಿನ ಮಗುವಿಗೂ ಕೇಳುವ ಹಾಗೆ ಹೇಳಿದ.

"ಹಿಡಿಕೆಯಿಂದ ಕೈ ತೆಗಿ."